ಸುಂದರನ ಒಂದೇ ಬಣ್ಣದ ಮಂಡೆ

ಬೀಜಾಡಿಯ ನಮ್ಮ ಕೈರಂಪಣಿ ಗುಂಪಿನಲ್ಲಿ ನಲವತ್ತೊಂದು ಜನ. ಕೈರಂಪಣಿ ಗೊತ್ತಿಲ್ಲದವರಿಗೆ ಹೇಳುತ್ತೇನೆ: ದೋಣಿಯಲ್ಲಿ ಹೋಗಿ ಬಲೆಯನ್ನು ಅರ್ಧಚಂದ್ರದ ಹಾಗೆ ಬಿಟ್ಟುಬಂದು, ಎರಡೂ ತುದಿಯ ಹಗ್ಗವನ್ನು ದಡದಲ್ಲಿ ನಿಂತು ಕೈಯಿಂದಲೇ ಎಳೆಯುವುದು. ನಲವತ್ತು ಜನರಿಗೆ ಎಳೆಯುವ ಕೆಲಸ, ಒಬ್ಬನಿಗೆ ಹೇಳುವ ಕೆಲಸ. ಆ ಒಬ್ಬನೇ ತಾಂಡೇಲ. ಬೆಳಗ್ಗೆ ನೀರು ನೋಡಿ ಅವನು ಕೈ ತೋರಿಸಿದ ಕಡೆ ಬಲೆ ಬೀಳುತ್ತದೆ. ಮೀನು ಸಿಕ್ಕಿದರೆ ಅದು ತಾಂಡೇಲನ ಕಣ್ಣು, ಸಿಗದಿದ್ದರೆ ನಮ್ಮ ಗ್ರಹಚಾರ. ನಾನು ಮೂವತ್ತು ವರ್ಷಗಳಿಂದ ಗ್ರಹಚಾರದವರ ಸಾಲಿನಲ್ಲೇ ನಿಂತಿದ್ದೇನೆ, ಆದ್ದರಿಂದ ಈ ವಿಷಯ ಹೇಳುವ ಅಧಿಕಾರ ನನಗಿದೆ.

ಕಳೆದ ವರ್ಷ ನಮ್ಮ ತಾಂಡೇಲ ದುಗ್ಗಪ್ಪಜ್ಜ ಎರಡೂ ಕಣ್ಣಿನ ಪೊರೆ ತೆಗೆಸಿಕೊಂಡು ಬಂದು, "ಇನ್ ನನ್ನತ್ರ ಆತಿಲ್ಲೆ. ಹುಣ್ಣಿಮಿ ಒಳ್ಗೆ ಬೇರೆಯವ್ರನ್ನ ಕಂಡ್ಕಣಿ" ಎಂದುಬಿಟ್ಟರು. ಕಣ್ಣು ಮಂಜಾಗಿದ್ದಷ್ಟು ದಿನ ತಾಂಡೇಲನಾಗಿದ್ದು, ಕಣ್ಣು ಸರಿಯಾದ ಮೇಲೆ ಬಿಡುವುದು ಯಾವ ನ್ಯಾಯ ಎಂದು ಕೇಳುವ ಧೈರ್ಯ ನಮಗಿರಲಿಲ್ಲ.

ಆ ಜಾಗಕ್ಕೆ ಇಬ್ಬರು ಇದ್ದರು. ಒಬ್ಬ ಕುಷ್ಟ. ಇವನ ಸ್ವರ ಕೋಟೇಶ್ವರದವರೆಗೆ ಕೇಳುತ್ತದೆ, ಸಂಶಯ ಎಂಬ ರೋಗ ಇವನಿಗೆ ಹುಟ್ಟಿದಂದಿನಿಂದ ಬಂದದ್ದಿಲ್ಲ. ಇನ್ನೊಬ್ಬ ಸುಂದರ. ಸುಂದರನ ಕಣ್ಣು ಬಾಕಿ ನಲವತ್ತು ಜನರ ಕಣ್ಣಿಗಿಂತ ಮೇಲು, ಇದನ್ನು ಕುಷ್ಟನೂ ಒಪ್ಪುತ್ತಾನೆ. ಹಕ್ಕಿಗಳಿಗಿಂತ ಮೊದಲು ಮೀನಿನ ಹಿಂಡು ಕಾಣುವವ ಅವನು. ಆದರೆ ಕಂಡದ್ದನ್ನು ಹೇಳಬೇಕಲ್ಲ? "ತೆಂಕಿಗೆ ಬಿಟ್ರೆ ಆತ್ತ್. ಬಡ್ಗಿಗೆ ಬಿಟ್ರೂ ತಪ್ಪಿಲ್ಲೆ. ಗಾಳಿ ತಿರ್ಗಿರೆ ಮಾತ್ರ ಬೇರೆ ಮಾತ್" ಎಂದು ಅವನು ಮುಗಿಸುವಷ್ಟರಲ್ಲಿ ಮೀನು ಮಲ್ಪೆ ಮುಟ್ಟಿರುತ್ತದೆ. ಚಂದ್ರನ ಹೋಟೆಲಿನಲ್ಲಿ ಚಾ ಬೇಕಾ ಕಾಫಿ ಬೇಕಾ ಎಂದು ಕೇಳಿದರೂ ಇದೇ ಕಥೆ. ಚಂದ್ರ ಕೇಳುವುದನ್ನೇ ಬಿಟ್ಟು ಅವನಿಗೆ ಕಷಾಯ ಕೊಡುತ್ತಿದ್ದ.

ಆದರೂ ಸುಂದರನಿಗೆ ತಾಂಡೇಲನಾಗಬೇಕಿತ್ತು. ಅವನ ಅಪ್ಪಯ್ಯ ತಾಂಡೇಲನಾಗಿದ್ದವರು. ಆ ಅಪ್ಪಯ್ಯನ ಹೆಸರು ಬಂದರೆ ಈಗಲೂ ಜನ ಬೀಡಿ ಕೆಳಗಿಡುತ್ತಾರೆ, ಮಗನ ಹೆಸರು ಬಂದರೆ ನಗುತ್ತಾರೆ. ಇದು ಅವನಿಗೆ ಸಣ್ಣ ನೋವಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ನಾನೂ ನಗುತ್ತಿದ್ದೆ.

ಇಷ್ಟರಲ್ಲಿ ಬ್ರಹ್ಮಾವರದ ಒಂದು ಸಭಾಭವನಕ್ಕೆ ತಲೆ ಅಳೆಯುವವರು ಬಂದರು. ಯಾವುದೋ ದೊಡ್ಡ ಕಾಲೇಜಿನವರು, ಸಂಶೋಧನೆಯಂತೆ. ತಲೆ ಕೊಟ್ಟವರಿಗೆ ಬಸ್ಸಿನ ಖರ್ಚು, ಮಧ್ಯಾಹ್ನದ ಊಟ, ಒಂದು ಸ್ಟೀಲಿನ ನೀರಿನ ಬಾಟಲಿ. ಕುಂದಾಪುರದಲ್ಲಿ ಕಾಲೇಜಿಗೆ ಹೋಗುವ ಸುಂದರನ ಮಗಳು ರಮಿತಾ ಅಪ್ಪನ ಹೆಸರು ಕೊಟ್ಟಳು. ಅದು ಕಿವಿಗೆ ಬಿದ್ದ ಕೂಡಲೇ ಕುಷ್ಟ ತನ್ನ ಹೆಸರನ್ನೂ ಕೊಟ್ಟ. ಊರಿನಲ್ಲಿ ಒಬ್ಬನಿಗೆ ಬಾಟಲಿ ಬಂದು ಇನ್ನೊಬ್ಬನಿಗೆ ಬರದಿದ್ದರೆ ಅದು ಒಳ್ಳೆಯದಲ್ಲ.

ಹಿಂದಿನ ದಿನ ಮೊಬೈಲಿಗೆ ಸೂಚನೆ ಬಂತು: ತಲೆಗೆ ಎಣ್ಣೆ ಹಚ್ಚಬೇಡಿ, ತಲೆಯನ್ನು ಚೆನ್ನಾಗಿ ತೊಳೆದುಕೊಂಡು ಬನ್ನಿ. ಯಾವ ನೀರಿನಲ್ಲಿ ಎಂದು ಬರೆದಿರಲಿಲ್ಲ. ಕಲಿತವರು ಮಾಡುವ ತಪ್ಪೇ ಇದು, ಮುಖ್ಯವಾದದ್ದನ್ನು ಬರೆಯುವುದಿಲ್ಲ.

ಬೆಳಗ್ಗೆ ಸುಂದರನ ಹೆಂಡತಿ ಸರಸ ಬಚ್ಚಲಲ್ಲಿ ಬಿಸಿನೀರು ಕಾಯಿಸಿ, ಶಾಂಪೂ ಪೊಟ್ಟಣ ಹರಿದು ಇಟ್ಟಿದ್ದಳು. ಸುಂದರ ಬಚ್ಚಲ ಬಾಗಿಲಲ್ಲಿ ನಿಂತು ಆಲೋಚಿಸಿದ. ಒಳ್ಳೆಯ ಮೀನನ್ನು ಯಾರೂ ಸಿಹಿನೀರಿನಲ್ಲಿ ತೊಳೆಯುವುದಿಲ್ಲ, ತೊಳೆದರೆ ಮೆತ್ತಗಾಗುತ್ತದೆ, ಬೇಗ ಹಾಳಾಗುತ್ತದೆ, ಏಲಂ ಕೂಗುವಾಗ ಯಾರೂ ಮೂಸುವುದಿಲ್ಲ. ಹಾಗಿರುವಾಗ ದೊಡ್ಡವರು ಪರೀಕ್ಷೆ ಮಾಡುವ ತಲೆಯನ್ನು ಬಾವಿನೀರಿನಲ್ಲಿ ಮೆತ್ತಗೆ ಮಾಡಿಕೊಂಡು ಹೋಗುವುದೇ? ಜೀವನದಲ್ಲಿ ಮೊದಲ ಬಾರಿಗೆ ಅವನು ತಡಮಾಡದೆ ಒಂದು ತೀರ್ಮಾನಕ್ಕೆ ಬಂದ. ಸೀದಾ ಕಡಲಿಗೆ ಹೋಗಿ ಏಳು ಸಲ ಮುಳುಗಿ, ಕೂದಲನ್ನು ಒರೆಸದೆ, ಬಸ್ಸಿನ ಕಿಟಕಿಯ ಗಾಳಿಗೆ ಒಣಗಿಸಿಕೊಂಡು ಬ್ರಹ್ಮಾವರದಲ್ಲಿ ಇಳಿದ. ಕೂದಲು ಹಪ್ಪಳದ ಹಾಗೆ ಗರಿಗರಿಯಾಗಿತ್ತು.

ಅಲ್ಲಿ ಶರಣ್ಯಾ ಎಂಬ ಹುಡುಗಿ ಅವನ ತಲೆಗೆ ಮೂವತ್ತೆರಡು ಗುಂಡಿಗಳಿದ್ದ ಒಂದು ಟೊಪ್ಪಿ ಹಾಕಿ, ಗುಂಡಿ ಗುಂಡಿಗೂ ಅಂಟಂಟಾದದ್ದೇನೋ ತುಂಬಿದಳು. ಮೈಸೂರು ಕಡೆಯವಳು, ಡಾಕ್ಟರೇಟ್ ಮಾಡುತ್ತಿದ್ದಾಳೆ.

"ಹೆದರಬೇಡಿ, ನಿಮಗೆ ಗೊತ್ತೂ ಆಗದಷ್ಟು ಸಣ್ಣ ಕರೆಂಟ್ ಬಿಡ್ತೀವಿ," ಎಂದಳು. "ಮಿದುಳಿನ ಒಳಗೆ ಎಲ್ಲಿಂದ ಸಿಗ್ನಲ್ ಬರ್ತಿದೆ ಅಂತ ತಲೆ ಕೊಯ್ಯದೆ ಹೊರಗಿಂದಲೇ ಹೇಳಬೇಕು ಅಂದ್ರೆ, ಚರ್ಮ ಎಷ್ಟು ಕರೆಂಟ್ ಬಿಡುತ್ತೆ, ಮೂಳೆ ಎಷ್ಟು ತಡೆಯುತ್ತೆ ಅಂತ ಮೊದಲು ಗೊತ್ತಿರಬೇಕು. ಇಲ್ಲದಿದ್ರೆ ಜಾಗ ತಪ್ಪಾಗುತ್ತೆ. ಫಿಟ್ಸ್ ಬರೋವರಿಗೆಲ್ಲ ಇದರಿಂದ ಉಪಯೋಗ."

ಸುಂದರ, "ಅಂದ್ರೆ ಮೇಲಿಂದ ನೀರ್ ಕಂಡ್ಕಂಡ್ ಅಡಿಯಂಗೆ ಮೀನ್ ಎಲ್ಲಿತ್ತ್ ಅಂದೇಳಿ ಹೇಳೂದ್. ನೀರಿನ ಗುಣ ಗೊತ್ತಿಲ್ದಿರೆ ಬಲಿ ಬೇರೆ ಕಡಿ ಬೀಳತ್ತ್. ಹೌದಲ್ದಾ ಅಮಾ?" ಎಂದ.

ಶರಣ್ಯಾ ಬೆರಗಾದಳು. ತನ್ನ ಗೈಡ್ ಸುಧೀರ್ ಸರ್ ಕೂಡ ಇಷ್ಟು ಚೆನ್ನಾಗಿ ಹೇಳಿಲ್ಲ ಎಂದಳು. ಆಮೇಲೆ ಯಂತ್ರ ಹಾಕಿದಳು, ಇನ್ನೂ ಬೆರಗಾದಳು.

"ಇದೇನಿದು! ಮೂವತ್ತೆರಡೂ ಒಂದೇ ಥರ! ಇಂಥ ರೀಡಿಂಗ್ ನಾನು ನೋಡೇ ಇಲ್ಲ!"

ಎಲ್ಲರಿಗೂ ಬಾಟಲಿಯ ಜೊತೆ ಒಂದು ಕಾಗದ ಕೊಡುತ್ತಿದ್ದರು. ತಲೆಯ ಚಿತ್ರ, ಅದರ ಮೇಲೆ ಬಣ್ಣಗಳು. ಸುಂದರನ ಕಾಗದದಲ್ಲಿ ಆ ಕಿವಿಯಿಂದ ಈ ಕಿವಿಯವರೆಗೆ ಒಂದೇ ಕೆಂಪು. "ನಿಮ್ಮನ್ನ ಇನ್ನೊಂದು ಸಲ ಕರೀಬೇಕಾಗುತ್ತೆ" ಎನ್ನುವಾಗ ಅವಳ ಮುಖದಲ್ಲಿ ಚಿಂತೆಯಿತ್ತು. ಸುಂದರ ಅದನ್ನು ಭಕ್ತಿ ಎಂದು ತಿಳಿದ.

ಸಂಜೆ ಚಂದ್ರನ ಹೋಟೆಲಿನಲ್ಲಿ ಎರಡು ಕಾಗದಗಳೂ ಮೇಜಿಗೆ ಬಂದವು. ಚಂದ್ರ ಮುಂಬಯಿಯ ಕ್ಯಾಂಟೀನಿನಲ್ಲಿ ಹನ್ನೆರಡು ವರ್ಷ ಇದ್ದವ, ಆದ್ದರಿಂದ ಜಗತ್ತಿನ ಯಾವ ಕಾಗದವನ್ನೂ ಓದಬಲ್ಲ. ಕುಷ್ಟನ ತಲೆಯಲ್ಲಿ ಹಳದಿ, ನೀಲಿ, ಹಸಿರು, ನಡುವೆ ಎರಡು ಕಡೆ ಕೆಂಪು.

"ಕುಷ್ಟಾ, ನಿನ್ ಮಂಡಿ ಹಳಿ ಹೊದ್ಕಿಗೆ ತೇಪಿ ಹಾಕ್ದಾಂಗೆ ಇತ್ತಲ್ಲಾ ಮಾರಾಯಾ," ಎಂದ ಚಂದ್ರ. "ಇದನ್ ಕಾಣ್. ಏಕ್‌ದಮ್ ಒಂದೇ ಬಣ್ಣ. ಮೂವತ್ತೆರಡ್ ಕಡಿ ಕೇಂಡ್ರೂ ಒಂದೇ ಉತ್ತರ. ಇದಕ್ ಎಂತ ಅಂಬ್ರ್ ಗೊತ್ತಿತ್ತಾ? ಏಕಚಿತ್ತ! ಋಷಿಗಳಿಗೆ ಇಪ್ಪುದ್ ಇದು."

"ಇವ್ನಿಗೆ ಏಕಚಿತ್ತವಾ? ಚಾ ಬೇಕಾ ಕಾಫಿ ಬೇಕಾ ಹೇಳುಕೆ ಬತ್ತಿಲ್ಲೆ ಇವ್ನಿಗೆ!" ಎಂದು ಕುಷ್ಟ ಕೂಗಿದ.

ಎಲ್ಲರೂ ಸುಂದರನ ಮುಖ ನೋಡಿದರು. ಸುಂದರ ಕಾಗದ ನೋಡಿದ. ಆಮೇಲೆ ಕಣ್ಣು ಮುಚ್ಚಿ, "ಕಾಫಿ" ಎಂದ.

ನನ್ನ ಕೈಯಲ್ಲಿದ್ದ ಗೋಳಿಬಜೆ ಅಲ್ಲೇ ನಿಂತಿತು. ಚಂದ್ರ ಕಾಫಿ ತಂದಿಟ್ಟು, ದುಡ್ಡು ತೆಗೆದುಕೊಳ್ಳಲಿಲ್ಲ.

ಮರುದಿನ ಕಾಗದಕ್ಕೆ ಕೋಟೇಶ್ವರದಲ್ಲಿ ಲ್ಯಾಮಿನೇಶನ್ ಆಯಿತು, ಅದರ ಮರುದಿನದಿಂದ ಜನ ಬರತೊಡಗಿದರು. ಮೊದಲು ಬಂದವನು ಕಿರಿಮಂಜೇಶ್ವರದ ರಂಜನ್, ಸರಸನ ತಮ್ಮ. ಮೊಬೈಲ್ ಅಂಗಡಿ ಇಡುವುದಾ, ಮೀನೂಟದ ಹೋಟೆಲ್ ಇಡುವುದಾ ಎಂದು ಎರಡು ವರ್ಷದಿಂದ ಎರಡನ್ನೂ ಇಡದೆ ಕೂತಿದ್ದ. "ಬಾವಾ, ನೀವೊಂದ್ ಮಾತ್ ಹೇಳ್ಕ್" ಎಂದ. ಸುಂದರ ಕಣ್ಣು ಮುಚ್ಚಿ, "ಹೋಟ್ಲ್" ಎಂದ. ರಂಜನ್ ಕಾಲಿಗೆ ಬಿದ್ದು ಹೋದ.

ಆಮೇಲೆ ಪಂಚಾಯಿತಿಯ ಹೊಸ ಕಾರ್ಯದರ್ಶಿ ಪ್ರಖ್ಯಾತ್ ಬೈಕಿನಲ್ಲಿ ಬಂದ. ಒಂದು ಬೀದಿದೀಪ ಭಜನಾಮಂದಿರದ ಎದುರು ಬೇಕೋ, ಬೊಬ್ಬರ್ಯನ ಗುಡಿಯ ಎದುರು ಬೇಕೋ ಎಂಬ ಜಗಳ ಮೂರು ವರ್ಷ ನಡೆದು, ದೀಪ ಆಫೀಸಿನ ಕಪಾಟಿನಲ್ಲೇ ಇತ್ತು. ಸುಂದರ ಕಣ್ಣು ಮುಚ್ಚಿ, "ಗುಡಿ" ಎಂದ. ಪ್ರಖ್ಯಾತ್ ಕೂಡಲೇ ಫೈಲಿನಲ್ಲಿ "ತಾಂತ್ರಿಕ ವರದಿಯುಳ್ಳ ಸ್ಥಳೀಯರ ಅಭಿಪ್ರಾಯ ಪಡೆಯಲಾಗಿದೆ" ಎಂದು ಬರೆದು, ಲ್ಯಾಮಿನೇಶನ್ ಕಾಗದದ ಫೋಟೋ ತೆಗೆದುಕೊಂಡ.

ಗಮನವಿಟ್ಟು ನೋಡಿದರೆ ಗುಟ್ಟು ಸುಲಭದ್ದು. ಕೇಳುವವರು ಎರಡರಲ್ಲಿ ಯಾವುದನ್ನು ಕೊನೆಗೆ ಹೇಳುತ್ತಿದ್ದರೋ ಅದನ್ನೇ ಸುಂದರ ಹೇಳುತ್ತಿದ್ದ. ನನಗೆ ಇದು ನಾಲ್ಕನೆಯ ದಿನ ಹೊಳೆಯಿತು. ಆದರೆ ಅಷ್ಟರಲ್ಲಿ ನಾನೂ ಅವನನ್ನು ಕೇಳಿ ಒಂದು ಎಮ್ಮೆ ಕೊಂಡಾಗಿತ್ತು, ಹಾಗಾಗಿ ಸುಮ್ಮನಿದ್ದೆ.

ಸರಸನಿಗೆ ಮಾತ್ರ ಒಳಗಿನ ಸುದ್ದಿ ಗೊತ್ತಿತ್ತು. ಪಕ್ಕದ ಮನೆಯ ಬಾಗಿ, ಮೀನಿನ ಬುಟ್ಟಿ ಹೊತ್ತು ಬಸ್ರೂರಿನವರೆಗೆ ಮಾರಿ ಬರುವ ಹೆಂಗಸು, ಒಂದು ದಿನ ಬೇಲಿಯಾಚೆಯಿಂದ ಕೇಳಿದಳು: "ಎಂತ ಸರ್ಸಾ, ಮನಿಯಂಗೂ ಹಾಂಗೇ ಒಂದೇ ಮಾತಾ?"

"ಎಂತ ಒಂದೇ ಮಾತ್ ಬಾಗಿಯಕ್ಕಾ! ಇವತ್ ಬಂಗ್ಡಿ ಹುಳಿ ಮಾಡೂದಾ ಸುಕ್ಕ ಮಾಡೂದಾ ಅಂದೇಳಿ ಕೇಂಡೆ. ಅರ್ಧ ಗಂಟಿ ಬಾವಿಕಟ್ಟಿ ಮೇಲ್ ಕೂಕಂಡ್ರ್. ನಾನ್ ಮೊಟ್ಟಿ ಬೇಯ್ಸಿದೆ."

ಈ ನಡುವೆ ಶರಣ್ಯಾ ಏಳು ಸಲ ಫೋನ್ ಮಾಡಿದ್ದಳು. "ಅಪ್ಪಯ್ಯಾ, ಇನ್ನೊಂದ್ಸಲ ಬರ್ಕಂಬ್ರ್" ಎಂದು ರಮಿತಾ ಹೇಳಿದರೆ, "ಒಂದ್ಸಲ ಕಂಡದ್ ಸಾಲ್ದಾ ಅವ್ರಿಗೆ?" ಎಂದು ಸುಂದರ ನಗುತ್ತಿದ್ದ. ಚಂದ್ರನ ಹೋಟೆಲಿನಲ್ಲಿ ಅದು, "ಕಾಲೇಜಿನವ್ರ್ ಬೆನ್ನ್ ಬಿಡ್ತಿಲ್ಲೆ" ಎಂದಾಯಿತು. ವಾರ ಕಳೆಯುವುದರೊಳಗೆ ಅವನ ತಲೆಯನ್ನು ವಿಮಾನದಲ್ಲಿ ಎಲ್ಲಿಗೋ ಕರೆದುಕೊಂಡು ಹೋಗುವ ಸುದ್ದಿ ಬೀಜಾಡಿಯಲ್ಲಿ ಹಬ್ಬಿತ್ತು. ತಲೆಯ ಜೊತೆ ಸುಂದರನೂ ಹೋಗುತ್ತಾನೋ ಎಂದು ಯಾರೂ ಕೇಳಲಿಲ್ಲ.

ಹುಣ್ಣಿಮೆಗೆ ಮೂರು ದಿನ ಇರುವಾಗ ದುಗ್ಗಪ್ಪಜ್ಜ ಒಂದು ಮಾತು ಹೇಳಿದರು: "ಕಾಗ್ದ ಎಲ್ಲ ಬ್ಯಾಡ. ಒಬ್ಬೊಬ್ರ್ ಒಂದೊಂದ್ ದಿನ ಬಲಿ ಬಿಡ್ಸಿ. ಕಾಂಬ."

ಮೊದಲ ದಿನ ಕುಷ್ಟನದು. ಅವನು ದಡಕ್ಕೆ ಬಂದವನೇ, ಚಪ್ಪಲಿ ಕಳಚುವ ಮೊದಲೇ "ತೆಂಕ್!" ಎಂದು ಕೂಗಿದ. ಎರಡು ಗಂಟೆ ಎಳೆದೆವು. ಒಂದು ಲಾರಿ ಟಯರ್, ನಾಲ್ಕು ಏಡಿ. "ನಾನ್ ಮೊದ್ಲೇ ಎಣ್ಸಿದೆ, ಟಯರ್ ಅಲ್ಲೇ ಇತ್ತಂದೇಳಿ" ಎಂದ ಕುಷ್ಟ.

ಎರಡನೆಯ ದಿನ ಸುಂದರನದು. ನಾನು ಅವನ ಪಕ್ಕದಲ್ಲೇ ಇದ್ದೆ. ಅವನ ಕಣ್ಣು ಮೊದಲು ಬಡಗಕ್ಕೆ ಹೋಯಿತು. ಅಲ್ಲಿ ನೀರು ಸ್ವಲ್ಪ ಕಪ್ಪಾಗಿ, ಮೇಲ್ಮೈ ನಡುಗಿದ ಹಾಗೆ ಇತ್ತು, ನನಗೆ ಅವನ ಕಣ್ಣು ಹೋದದ್ದರಿಂದ ಕಂಡಿತು. ಆಮೇಲೆ ತೆಂಕಕ್ಕೆ ಹೋಯಿತು, ಪುನಃ ಬಡಗಕ್ಕೆ ಬಂತು. "ಬಡ್ಗ್... ಆರೆ ತೆಂಕ್ ಬದಿ ನೀರ್..." ಎಂದು ತುಟಿ ಅಲ್ಲಾಡತೊಡಗಿತು. ಅವನು ಹಳೆಯ ಸುಂದರನಾಗುತ್ತಿದ್ದ. ಆಗ ಹಿಂದಿನಿಂದ ಚಂದ್ರ ಲ್ಯಾಮಿನೇಶನ್ ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು, "ಸುಂದ್ರಾ, ಒಂದೇ ಮಾತ್!" ಎಂದು ಕೂಗಿದ.

ಸುಂದರ ಕಣ್ಣು ಮುಚ್ಚಿದ. ಕೊನೆಗೆ ಬಾಯಿಗೆ ಬಂದದ್ದು ತೆಂಕು. "ತೆಂಕ್!" ಎಂದ.

ಬಲೆ ತುಂಬ ಭಾರವಾಗಿತ್ತು. ಎಳೆಯುತ್ತಾ ಎಳೆಯುತ್ತಾ ನಮಗೆ ಆನೆಬಲ ಬಂತು, ಕುಷ್ಟನ ಮುಖ ಸಣ್ಣದಾಯಿತು. ಬಲೆಯ ಚೀಲ ದಡಕ್ಕೆ ಬಂದು ಬಿಚ್ಚಿದಾಗ ಒಳಗೆ ಬರೀ ಜೆಲ್ಲಿಮೀನು, ಗಂಜಿಯಂತೆ ಹರಡಿಕೊಂಡಿತು. ಆಮೇಲೆ ನಲವತ್ತು ಜನ ಒಟ್ಟಿಗೆ ಕೈ ಕೆರೆಯತೊಡಗಿದರು. ಅದೇ ಹೊತ್ತಿಗೆ ಬಡಗದಲ್ಲಿ ಹಕ್ಕಿಗಳು ಮುತ್ತಿಕೊಂಡವು. ಬಂಗಡೆಯ ಹಿಂಡು, ಯಾರ ಹಂಗೂ ಇಲ್ಲದೆ, ನಮ್ಮ ಕಣ್ಣೆದುರೇ ಪಕ್ಕದೂರು ಕೋಡಿಯ ಕಡೆ ಹೋಯಿತು.

"ಏಕಚಿತ್ತ ಅಂದ್ರೆ ತಪ್ಪ್ ಮಾಡೂದ್ರಂಗೂ ಏಕಚಿತ್ತವೇ," ಎಂದು ಚಂದ್ರ ಮೆಲ್ಲಗೆ ಹೇಳಿದ. ಯಾರೋ ಅವನ ಮೇಲೆ ಜೆಲ್ಲಿಮೀನು ಎಸೆದರು.

ಆಗಲೇ ರಸ್ತೆಯಲ್ಲಿ ಒಂದು ರಿಕ್ಷಾ ನಿಂತಿತು. ರಮಿತಾ ಇಳಿದಳು, ಹಿಂದೆಯೇ ಪೆಟ್ಟಿಗೆ ಹಿಡಿದುಕೊಂಡು ಶರಣ್ಯಾ ಹೊಯಿಗೆಯಲ್ಲಿ ಕಾಲು ಹೂತುಕೊಳ್ಳುತ್ತಾ ಬಂದಳು.

"ಸುಂದರಣ್ಣ, ನೀವು ಬರಲ್ಲ ಅಂದ್ರೆ ನಾನೇ ಬಂದೆ. ನಿಮ್ಮೊಬ್ಬರ ತಲೆಯಿಂದ ಇಪ್ಪತ್ತೇಳು ಜನರ ಸರಾಸರಿ ಕೆಟ್ಟುಹೋಗಿದೆ. ನೀನು ಅಳೆದದ್ದು ತಲೆಯನ್ನೋ ಉಪ್ಪಿನ ಭರಣಿಯನ್ನೋ ಅಂತ ಸುಧೀರ್ ಸರ್ ನನ್ನ ಬೈದರು. ನಿಜ ಹೇಳಿ, ಅವತ್ತು ತಲೆ ಯಾವ ನೀರಲ್ಲಿ ತೊಳ್ಕೊಂಡ್ರಿ?"

"ಕಡ್ಲ್ ನೀರಂಗೆ."

"ಸಮುದ್ರದ ನೀರಲ್ಲಾ! ಯಾಕೆ?"

ಈ ಪ್ರಶ್ನೆಗೆ ಉತ್ತರ ಕೊಟ್ಟದ್ದು ಬಾಗಿ. ಬುಟ್ಟಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಮತ್ತೆಂತ ಅಮಾ, ಒಳ್ಳೆ ಮೀನನ್ನ ಸೀ ನೀರಂಗೆ ಯಾರಾರೂ ತೊಳಿತ್ರಾ?"

"ಹೌದಲ್ದಾ!" ಎಂದರು ನಲವತ್ತು ಜನ, ಕೈ ಕೆರೆಯುತ್ತಾ. ಕುಷ್ಟನೂ ಹೌದೆಂದ. ಆ ಮಾತಿನಲ್ಲಿ ತಪ್ಪೇನಿದೆ ಎಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಶರಣ್ಯಾ ತಲೆಯ ಮೇಲೆ ಕೈ ಹೊತ್ತು ಹೊಯಿಗೆಯ ಮೇಲೆ ಕುಳಿತಳು. ಆಮೇಲೆ ವಿವರಿಸಿದಳು. ಉಪ್ಪುನೀರಿನಲ್ಲಿ ಕರೆಂಟು ಸಲೀಸಾಗಿ ಓಡುತ್ತದೆ. ಸುಂದರನ ಕೂದಲು, ಚರ್ಮ ಎಲ್ಲ ಉಪ್ಪಾಗಿದ್ದರಿಂದ, ಗುಂಡಿಗೆ ಹಚ್ಚಿದ ಅಂಟು ತಾಗಿದ್ದೇ ತಡ ಆ ಉಪ್ಪು ಒದ್ದೆಯಾಗಿ, ಒಂದು ಗುಂಡಿಯ ಕರೆಂಟು ತಲೆಯ ಹೊರಗಿನಿಂದಲೇ ಇನ್ನೊಂದು ಗುಂಡಿಗೆ ಹೋಗಿದೆ. ಮೂವತ್ತೆರಡೂ ಒಂದಾಗಿವೆ. ತಲೆಯ ಒಳಗೆ ಅದು ಇಣುಕಿ ಕೂಡ ನೋಡಿಲ್ಲ.

"ಅಂದ್ರೆ ಒಳ್ಗೆ ಎಂತ ಇತ್ತ್, ಇಲ್ಲೆ ಅಂದೇಳಿ ಯಾರಿಗೂ ಗೊತ್ತಾಯ್ಲಿಲ್ಲೆ!" ಎಂದ ಕುಷ್ಟ. ಅವನ ನಗು ಕೋಟೇಶ್ವರಕ್ಕೆ ಮುಟ್ಟಿರಬೇಕು.

ಉಳಿದದ್ದು ಚಂದ್ರನ ಹೋಟೆಲಿನ ಎದುರು ನಡೆಯಿತು. ಸರಸ ಬಾವಿಯಿಂದ ಕೊಡಪಾನ ಕೊಡಪಾನ ಸಿಹಿನೀರು ತಂದು, ಕೊಡಕ್ಕೊಂದು ಬೈಗುಳದ ಹಾಗೆ ಗಂಡನ ತಲೆಯ ಮೇಲೆ ಸುರಿದಳು. "ಅವತ್ತೇ ಬಿಸ್ನೀರ್ ಕಾಯ್ಸಿ ಇಟ್ಟಿದ್ನಲ್ಲಾ! ಶಾಂಪೂ ಪೊಟ್ಣ ಹರ್ದ್ ಇಟ್ಟಿದ್ನಲ್ಲಾ!" ಶರಣ್ಯಾ ಟೊಪ್ಪಿ ಹಾಕಿದಳು. ಪೆಟ್ಟಿಗೆಯೊಳಗಿನ ಪರದೆಯಲ್ಲಿ ಸುಂದರನ ತಲೆ ಮೂಡಿತು. ಹಳದಿ, ನೀಲಿ, ಹಸಿರು, ಅಲ್ಲಲ್ಲಿ ಕೆಂಪು. ಥೇಟ್ ಕುಷ್ಟನ ತಲೆಯ ಹಾಗೆ, ನನ್ನ ನಿಮ್ಮ ತಲೆಯ ಹಾಗೆ.

"ಪರ್ಫೆಕ್ಟ್! ತುಂಬ ಮಾಮೂಲಿ ತಲೆ!" ಎಂದು ಶರಣ್ಯಾ ಸಂತೋಷದಿಂದ ಕೂಗಿದಳು.

ಒದ್ದೆ ಮೈಯಲ್ಲಿ, ತಲೆಯಿಂದ ಮೂವತ್ತೆರಡು ವಯರು ಇಳಿಬಿಟ್ಟುಕೊಂಡು ಸುಂದರ ನೆಲ ನೋಡುತ್ತಾ ಕುಳಿತಿದ್ದ. ನನಗೆ ಸಂಕಟವಾಯಿತು. ಎಮ್ಮೆಯ ವಿಷಯವನ್ನೂ ಮರೆತೆ. "ದುಗ್ಗಪ್ಪಜ್ಜಾ, ಕುಷ್ಟನ್ನೇ ಮಾಡಿ," ಎಂದ ಅವನು. "ನಂಗ್ ಒಂದ್ ಮಾತ್ ಹೇಳುಕೆ ಬತ್ತಿಲ್ಲೆ. ಅಪ್ಪಯ್ಯನಿಗೆ ಬತ್ತಿತ್ತ್."

ದುಗ್ಗಪ್ಪಜ್ಜ ಇಷ್ಟು ಹೊತ್ತು ಬೆಂಚಿನ ತುದಿಯಲ್ಲಿ ಎಲೆಅಡಿಕೆಯ ಚೀಲ ಬಿಚ್ಚಿ ಎಲೆ ಒರೆಸುತ್ತಾ ಕುಳಿತಿದ್ದರು. ಸುಣ್ಣ ಹಚ್ಚಿ, ಅಡಿಕೆ ಹೋಳು ಆರಿಸಿ, ಒಂದನ್ನು ವಾಪಸು ಹಾಕಿ, ಇನ್ನೊಂದನ್ನು ತೆಗೆದು, ಮಡಿಚಿ ಬಾಯಿಗಿಟ್ಟು ಜಗಿದರು. ನಲವತ್ತು ಜನ ಕಾದೆವು. ನಲವತ್ತು ವರ್ಷದಿಂದ ದಡದಲ್ಲಿ ಹೀಗೇ ಕಾದವರು ನಾವು, ನಮ್ಮ ಹಿರಿಯರು. ಕೊನೆಗೆ ಅವರು ಉಗಿದು ಬಂದರು.

"ನಾನ್ ಹತ್ ನಿಮಿಷ ಎಲಡ್ಕಿ ಹಾಕೂದ್ ಎಂತಕೆ ಅಂದೇಳಿ ಎಣ್ಸಿರಿ ನೀವು? ರುಚಿಗಾ? ಒಂದ್ ದಿನನೂ ನಂಗ್ ಒಂದೇ ಸಲಕ್ಕೆ ಗೊತ್ತಾಯ್ಲಿಲ್ಲೆ. ತೆಂಕಾ ಬಡ್ಗಾ ಅಂದೇಳಿ ಒಳ್ಗೊಳ್ಗೇ ತೂಗ್ತಿದ್ದೆ. ಬಾಯ್ ತುಂಬ್ಕಂಡವ್ನ ಹತ್ರ ಯಾರೂ ಉತ್ರ ಕೇಂತಿಲ್ಲೆ, ಅದ್ಕೆ ಈ ಚೀಲ." ಅವರು ಸುಂದರನ ಕಡೆ ತಿರುಗಿದರು. "ನಿನ್ ಅಪ್ಪಯ್ಯ ಇದನ್ ನಂಗ್ ಕೊಟ್ಟದ್. ಅವ್ನೂ ಹೀಂಗೇ ಜಗಿತಿದ್ದ."

ಸುಂದರ ತಲೆಯೆತ್ತಿದ. ವಯರುಗಳೂ ಎದ್ದವು.

"ಇವತ್ ಇವ ಮೊದ್ಲ್ ಕಂಡದ್ ಬಡ್ಗ್. ನನ್ ಹೊಸ ಕಣ್ಣಂಗೆ ಸಮಾ ಕಂಡಿದೆ. ಆಲೋಚ್ನಿ ಮಾಡುಕೆ ನೀವ್ ಬಿಡ್ಕಲ್ದಾ? ಕಾಗ್ದ ಹಿಡ್ಕಂಡ್ ಬೊಬ್ಬಿ ಹೊಡ್ದ್ರೆ ಜೆಲ್ಲಿಮೀನೇ ಬಪ್ಪುದ್." ಎಂದವರೇ ಎಲೆಅಡಿಕೆಯ ಚೀಲವನ್ನು ಸುಂದರನ ಮಡಿಲಿಗೆ ಹಾಕಿದರು. ಕುಷ್ಟ ಏನೋ ಹೇಳಲು ಬಾಯಿ ತೆರೆದ. ಬಾಗಿ ಅವನ ಬಾಯಿಗೆ ಒಂದು ಅಡಿಕೆ ಹೋಳು ಇಟ್ಟಳು.

ಮರುದಿನ ಹುಣ್ಣಿಮೆ. ಸುಂದರ ದಡಕ್ಕೆ ಬಂದು ಚೀಲ ಬಿಚ್ಚಿದ. ಎಲೆ ತೆಗೆದ. ಮೊದಲು ಸುಣ್ಣವೋ ಮೊದಲು ಅಡಿಕೆಯೋ ಎಂದು ಸ್ವಲ್ಪ ಹೊತ್ತು ಆಲೋಚಿಸಿದ. ಅಭ್ಯಾಸವಿಲ್ಲದವ, ಹತ್ತು ನಿಮಿಷಕ್ಕೆ ಬದಲು ಇಪ್ಪತ್ತು ನಿಮಿಷ ತೆಗೆದುಕೊಂಡ. "ಎಂತ ಹ್ವಾಯ್, ತೆಂಕಾ ಬಡ್ಗಾ?" ಎಂದು ಕುಷ್ಟ ಕೇಳಿದರೆ, ತುಂಬಿದ ಬಾಯಿಯನ್ನು ತೋರಿಸಿದ. ಆಮೇಲೆ ಎದ್ದು, ಮಾತಾಡದೆ, ಬಡಗಕ್ಕೆ ಕೈ ತೋರಿಸಿದ. ನೂರಾರು ಬುಟ್ಟಿ ಬಂಗಡೆ ಬಂತೆಂದು ಚಂದ್ರ ಹೇಳುತ್ತಾನೆ. ನಾನು ಎಣಿಸಿದ್ದು ಮೂವತ್ತೊಂದು. ನಮಗೆ ಅಷ್ಟು ಸಾಕಿತ್ತು.

ಈಗ ಅವನು ನಮ್ಮ ತಾಂಡೇಲ. ಹಲ್ಲು ಮಾತ್ರ ಕೆಂಪಾಗಿದೆ. ರಂಜನ್‌ನ ಹೋಟೆಲ್ ನಡೆಯುತ್ತಿದೆ, ಬೀದಿದೀಪ ಗುಡಿಯ ಎದುರು ಉರಿಯುತ್ತಿದೆ, ನನ್ನ ಎಮ್ಮೆ ಹಾಲು ಕೊಡುವುದಿಲ್ಲ. ಆ ಕೆಂಪು ತಲೆಯ ಕಾಗದ ಎಲ್ಲಿ ಹೋಯಿತು ಎಂದು ಮೊನ್ನೆ ಸರಸನನ್ನು ಕೇಳಿದೆ. ಅಡುಗೆಮನೆಯಿಂದ ತಂದು ತೋರಿಸಿದಳು, ಉಪ್ಪಿನ ಭರಣಿಯ ಬಾಯಿಗೆ ಮುಚ್ಚಿದ್ದಾಳೆ. ಲ್ಯಾಮಿನೇಶನ್ ಆದದ್ದರಿಂದ ಮಳೆಗಾಲದಲ್ಲೂ ಉಪ್ಪು ನೀರೊಡೆಯುವುದಿಲ್ಲವಂತೆ.